ಫ್ಯಾಟಿ ಲಿವರ್ ಇದೆಯಾ ಅಂತ ತಿಳಿಯೋಕೆ ಯಾವ ಟೆಸ್ಟ್ ಮಾಡಿಸಬೇಕು?

ಕಂಪನಿಯವರು ವರ್ಷಕ್ಕೊಮ್ಮೆ ಕೊಡೋ ಹೆಲ್ತ್ ಚೆಕಪ್ ಇರಲಿ, ಮೂರು ತಿಂಗಳಿಗೊಮ್ಮೆ ಶುಗರ್ ತೋರಿಸೋಕೆ ಹೋಗೋದಿರಲಿ, ಈಗ ಲಿವರ್ ಮಾತು ಬಂದೇ ಬರುತ್ತದೆ. ಲ್ಯಾಬಿನವರು ಎಲ್‌ಎಫ್‌ಟಿ (ಲಿವರ್ ಫಂಕ್ಷನ್ ಟೆಸ್ಟ್) ಮಾಡಿಸಿ ಅಂತಾರೆ. ಇನ್ನೊಬ್ಬರು ಹೊಟ್ಟೆ ಸ್ಕ್ಯಾನಿಂಗ್ ಸಾಕು ಅಂತಾರೆ. ಆಫೀಸಿನಲ್ಲಿ ಪಕ್ಕದ ಸೀಟಿನವರು ಆಗಲೇ ಫೈಬ್ರೋಸ್ಕ್ಯಾನ್ ಮಾಡಿಸಿಕೊಂಡು ಬಂದಿರುತ್ತಾರೆ. ಎಲ್ಲವನ್ನೂ ಮಾಡಿಸಿದರೆ ಜೇಬಿಗೆ ಭಾರ. ಏನೂ ಮಾಡಿಸದಿದ್ದರೆ ಮನಸ್ಸಿಗೆ ಕಿರಿಕಿರಿ.

ಗೊಂದಲಕ್ಕೆ ಕಾರಣವೂ ಇದೆ. ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳೋ ಕಾಯಿಲೆ, ಬಹಳ ವರ್ಷ ಏನೂ ತೊಂದರೆ ಕೊಡುವುದಿಲ್ಲ. ನೋವಿಲ್ಲ, ಕಾಮಾಲೆ ಇಲ್ಲ. ಸ್ವಲ್ಪ ಸುಸ್ತು, ಬಲಗಡೆ ಪಕ್ಕೆಯ ಕೆಳಗೆ ಒಂಚೂರು ಭಾರ ಅನ್ನಿಸಿದರೂ ನಾವು "ಗ್ಯಾಸ್ ಇರಬೇಕು" ಅಂದುಕೊಂಡು ಸುಮ್ನಾಗುತ್ತೇವೆ. ಹೀಗಾಗಿ ಇದು ಸಿಕ್ಕಿಬೀಳೋದು ಬೇರೆ ಯಾವುದಕ್ಕೋ ಮಾಡಿಸಿದ ಪರೀಕ್ಷೆಯಲ್ಲಿ. ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದೊಡ್ಡವರಲ್ಲಿ ಸುಮಾರು ಶೇ 38ರಷ್ಟು ಮಂದಿಗೆ ಫ್ಯಾಟಿ ಲಿವರ್ ಇದೆ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ. ಹೈದರಾಬಾದಿನ ಐಟಿ ಉದ್ಯೋಗಿಗಳ ಬಗ್ಗೆ 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಂತೂ ಶೇ 84 ಅಂತ ಬಂತು. ಅದು ಕೆಲವು ನೂರು ಜನರ ಮೇಲೆ ಮಾಡಿದ ಅಧ್ಯಯನ, ಎಲ್ಲರಿಗೂ ಅದೇ ಲೆಕ್ಕ ಹಾಕೋಕಾಗಲ್ಲ. ಆದರೂ ಬೆಂಗಳೂರಿನಲ್ಲಿ ಅದೇ ಥರದ ಕುರ್ಚಿಯಲ್ಲಿ, ಅದೇ ಥರದ ಶಿಫ್ಟಿನಲ್ಲಿ ಕೂತವರು ಒಂದು ಸಲ ಯೋಚಿಸಬೇಕಾದ ಸಂಖ್ಯೆ.

ಇಷ್ಟು ಜನರಿಗೆ ಇದ್ದರೆ ಎಲ್ಲರ ಲಿವರೂ ಹಾಳಾಗುತ್ತದಾ? ಇಲ್ಲ. ಬಹಳಷ್ಟು ಜನರಲ್ಲಿ ಕೊಬ್ಬು ಕೊಬ್ಬಾಗಿಯೇ ಉಳಿಯುತ್ತದೆ. ಕೆಲವರಲ್ಲಿ ಮಾತ್ರ ಅಲ್ಲಿ ಉರಿಯೂತ ಶುರುವಾಗುತ್ತದೆ. ಅದರಲ್ಲಿ ಕೆಲವರ ಲಿವರ್ ನಿಧಾನಕ್ಕೆ ನಾರುಗಟ್ಟುತ್ತಾ ಹೋಗುತ್ತದೆ. ಡಾಕ್ಟರುಗಳು ಇದನ್ನು ಫೈಬ್ರೋಸಿಸ್ ಅಂತಾರೆ. ಅದು ಮುಂದುವರಿದರೆ ಸಿರೋಸಿಸ್, ಅಂದರೆ ಲಿವರ್ ಪೂರ್ತಿ ಗಟ್ಟಿಯಾಗಿ ಕೆಲಸ ತಪ್ಪೋ ಹಂತ. ಮುಂದೆ ಯಾರಿಗೆ ಲಿವರ್ ಕೈಕೊಡುತ್ತದೆ ಅನ್ನೋದನ್ನು ಹೇಳೋದು ಈ ನಾರಿನ ಪ್ರಮಾಣ, ಕೊಬ್ಬಿನ ಪ್ರಮಾಣ ಅಲ್ಲ. ಈ ಒಂದು ವಿಷಯ ಸರಿಯಾಗಿ ಹಿಡಿದುಕೊಂಡರೆ ಟೆಸ್ಟ್ ಆರಿಸೋದು ಅರ್ಧ ಸುಲಭ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ಆ ಟೆಸ್ಟ್ ಏನನ್ನು ತೋರಿಸುತ್ತದೆ: ಕೊಬ್ಬಾ, ಉರಿಯೂತವಾ, ನಾರಾ? ಒಂದೇ ಟೆಸ್ಟ್ ಮೂರನ್ನೂ ಹೇಳುವುದಿಲ್ಲ, ಬಯಾಪ್ಸಿ ಬಿಟ್ಟು. ಎರಡನೆಯದು, ಅದು ಎಲ್ಲಿ ಎಡವುತ್ತದೆ. ಇರೋದನ್ನು ಬಿಟ್ಟುಬಿಡುತ್ತದಾ, ಇಲ್ಲದ್ದನ್ನು ಇದೆ ಅಂತ ಹೆದರಿಸುತ್ತದಾ? ಮೂರನೆಯದು ದುಡ್ಡು ಮತ್ತು ದೂರ. ತಾಲ್ಲೂಕು ಊರಿನಲ್ಲಿ ಆಗೋ ಟೆಸ್ಟಾ, ಇಲ್ಲ ಅದಕ್ಕೇ ಅಂತ ದೊಡ್ಡ ಊರಿಗೆ ಬಸ್ ಹತ್ತಬೇಕಾ? ಕೊನೆಯದು, ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರೋದು: ರಿಪೋರ್ಟ್ ಬಂದ ಮೇಲೆ ಏನಾದರೂ ಬದಲಾಗುತ್ತದಾ? ಯಾವ ಉತ್ತರ ಬಂದರೂ ಡಾಕ್ಟರ್ ಅದೇ ಮಾತು ಹೇಳುತ್ತಾರೆ ಅಂದರೆ ಆ ಟೆಸ್ಟಿಗೆ ದುಡ್ಡು ಸುರಿಯೋದು ಯಾಕೆ?

ಎಲ್‌ಎಫ್‌ಟಿ: ಕೆಲವು ನೂರು ರೂಪಾಯಿಯ ರಕ್ತ ಪರೀಕ್ಷೆ

ಎಲ್ಲ ಕಡೆ ಸಿಗುತ್ತದೆ, ಅಗ್ಗ. ಇದರಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಅಂತ ಎರಡು ಸಾಲು ಇರುತ್ತವೆ. ಕೆಲವು ಲ್ಯಾಬುಗಳು ಇವನ್ನೇ ಎಎಲ್‌ಟಿ, ಎಎಸ್‌ಟಿ ಅಂತ ಬರೆಯುತ್ತವೆ. ಲಿವರಿನ ಜೀವಕೋಶಗಳಿಗೆ ಪೆಟ್ಟು ಬಿದ್ದಾಗ ಒಳಗಿರೋ ಈ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಅಂದರೆ ಇದು ಉರಿಯೂತದ ಕಡೆ ಬೆರಳು ತೋರಿಸೋ ಟೆಸ್ಟ್. ಕೊಬ್ಬನ್ನೂ ತೋರಿಸಲ್ಲ, ನಾರನ್ನೂ ನೇರವಾಗಿ ತೋರಿಸಲ್ಲ.

ಜನ ಮೋಸ ಹೋಗೋದು ಇಲ್ಲೇ. ಎಸ್‌ಜಿಪಿಟಿ ನಾರ್ಮಲ್ ಬಂತು, ಲಿವರ್ ಚೆನ್ನಾಗಿದೆ ಅಂತ ಫೈಲ್ ಮುಚ್ಚುತ್ತಾರೆ. ಫ್ಯಾಟಿ ಲಿವರ್ ಇರೋ ತುಂಬಾ ಜನರಲ್ಲಿ ಎಸ್‌ಜಿಪಿಟಿ ನಾರ್ಮಲ್ ಆಗಿಯೇ ಇರುತ್ತದೆ. ಅದೂ ಅಲ್ಲದೆ ಬಹಳ ಲ್ಯಾಬುಗಳು 40, 45, 50ರವರೆಗೂ ನಾರ್ಮಲ್ ಅಂತ ಅಚ್ಚು ಹಾಕುತ್ತವೆ. ಅಮೆರಿಕದ ಹೊಟ್ಟೆರೋಗ ತಜ್ಞರ ಸಂಘದ ಮಾರ್ಗಸೂಚಿ ಗಂಡಸರಿಗೆ 33, ಹೆಂಗಸರಿಗೆ 25 ದಾಟಿದರೆ ಗಮನ ಕೊಡಿ ಅನ್ನುತ್ತದೆ. ನಿಮ್ಮ ರಿಪೋರ್ಟಿನಲ್ಲಿ 38 ಇದ್ದು, ಪಕ್ಕದಲ್ಲಿ ಕೆಂಪು ಗುರುತು ಇಲ್ಲ ಅಂದ ಮಾತ್ರಕ್ಕೆ ಬಿಟ್ಟುಬಿಡಬೇಡಿ. ಇನ್ನೂ ಒಂದು ವಿಚಿತ್ರ ಇದೆ. ಲಿವರ್ ನಾರುಗಟ್ಟುತ್ತಾ ಹೋದಂತೆ ಎಸ್‌ಜಿಪಿಟಿ ಇಳಿದು ನಾರ್ಮಲ್ಲಿಗೆ ಬಂದುಬಿಡಬಹುದು. ಆಗ ಎಸ್‌ಜಿಒಟಿಯೇ ಮುಂದೆ ಹೋಗಿರುತ್ತದೆ.

ಏರಿದ್ದರೂ ಅದು ಫ್ಯಾಟಿ ಲಿವರೇ ಅಂತ ಗ್ಯಾರಂಟಿ ಇಲ್ಲ. ಹೆಪಟೈಟಿಸ್ ಬಿ, ಸಿ ಇರಬಹುದು. ತೆಗೆದುಕೊಳ್ಳೋ ಮಾತ್ರೆ ಇರಬಹುದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರಿಗೆ ಪೆಟ್ಟಾದವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಹಾಗಾಗಿ ಮನೆಮದ್ದು, ಜಿಮ್ ಪೌಡರು, ನಾಟಿ ಔಷಧಿ ಯಾವುದಿದ್ದರೂ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ಹೊಟ್ಟೆ ಸ್ಕ್ಯಾನಿಂಗ್: ಎಲ್ಲರೂ ನೆಚ್ಚಿಕೊಂಡಿರೋದು

ಅಲ್ಟ್ರಾಸೌಂಡ್ ಕೊಬ್ಬನ್ನು ನೋಡುತ್ತದೆ. ಕೊಬ್ಬು ತುಂಬಿದ ಲಿವರ್ ಪಕ್ಕದ ಕಿಡ್ನಿಗಿಂತ ಬೆಳ್ಳಗೆ ಕಾಣುತ್ತದೆ. ಸ್ವಲ್ಪ ಬೆಳ್ಳಗಿದ್ದರೆ ಗ್ರೇಡ್ 1. ಒಳಗಿನ ರಕ್ತನಾಳಗಳ ಅಂಚು ಮಸುಕಾದರೆ ಗ್ರೇಡ್ 2. ಹಿಂದಿನ ಭಾಗ, ವಪೆ ಕಾಣದಷ್ಟು ಮುಚ್ಚಿಹೋದರೆ ಗ್ರೇಡ್ 3. ಖರ್ಚು ಸಾಮಾನ್ಯವಾಗಿ ಸಾವಿರದ ಆಸುಪಾಸು, ಊರಿನಿಂದ ಊರಿಗೆ ವ್ಯತ್ಯಾಸ ಇದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಪಿತ್ತಕೋಶದ ಕಲ್ಲು, ಕಿಡ್ನಿ ಕಲ್ಲು ಇದ್ದರೂ ಗೊತ್ತಾಗಿಬಿಡುತ್ತದೆ, ಅದು ಲಾಭ.

ನಷ್ಟ ಏನು? ಲಿವರಿನಲ್ಲಿ ಶೇ 5ರಷ್ಟು ಕೊಬ್ಬು ದಾಟಿದರೆ ಅದು ಫ್ಯಾಟಿ ಲಿವರ್. ಆದರೆ ಶೇ 20–30 ಆಗೋವರೆಗೂ ಸ್ಕ್ಯಾನಿನ ಕಣ್ಣಿಗೆ ಅದು ಸರಿಯಾಗಿ ಬೀಳಲ್ಲ. ಹೊಟ್ಟೆ ದಪ್ಪ ಇದ್ದರೆ ಚಿತ್ರವೂ ಮಂಜು. ಒಬ್ಬ ರೇಡಿಯಾಲಜಿಸ್ಟ್ ಗ್ರೇಡ್ 1 ಅಂದದ್ದನ್ನು ಇನ್ನೊಬ್ಬರು ನಾರ್ಮಲ್ ಅನ್ನಬಹುದು.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಈ ಗ್ರೇಡನ್ನು ನಾವು ಓದೋ ರೀತಿ. ಗ್ರೇಡ್ 1 ಅಂದರೆ ನಿರಾಳ, ಗ್ರೇಡ್ 3 ಅಂದರೆ ಲಿವರ್ ಹೋಯ್ತು ಅಂತ ಜನ ಅಂದುಕೊಂಡಿದ್ದಾರೆ. ಗ್ರೇಡ್ ಕೊಬ್ಬಿನ ಅಂದಾಜು ಅಷ್ಟೇ. ನಾರಿನ ಬಗ್ಗೆ ಅದು ಏನನ್ನೂ ಹೇಳಲ್ಲ. ಗ್ರೇಡ್ 1 ಇರೋರಲ್ಲಿ ನಾರು ಮುಂದುವರಿದಿರಬಹುದು, ಗ್ರೇಡ್ 2 ಇರೋರಲ್ಲಿ ನಾರೇ ಇಲ್ಲದಿರಬಹುದು. ಇದು ಗೊತ್ತಾಗೋಕೆ ಮುಂದಿನ ಲೆಕ್ಕ ಬೇಕು.

ಫಿಬ್-4: ಖರ್ಚಿಲ್ಲದ ಲೆಕ್ಕ

ಇದು ಬೇರೆ ಟೆಸ್ಟ್ ಅಲ್ಲ. ನಿಮ್ಮ ಹತ್ತಿರ ಆಗಲೇ ಇರೋ ರಿಪೋರ್ಟಿನ ನಾಲ್ಕು ಸಂಖ್ಯೆ: ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಇನ್ನೊಂದು ಕಡೆ ಪ್ಲೇಟ್‌ಲೆಟ್ಟನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪ್ಲೇಟ್‌ಲೆಟ್ ನಮ್ಮಲ್ಲಿ ಲಕ್ಷದಲ್ಲಿ ಬರೆದಿರುತ್ತಾರೆ, 1.9 ಲಕ್ಷ ಇದ್ದರೆ 190 ಅಂತ ಹಾಕಬೇಕು. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ಎರಡು ಉದಾಹರಣೆ ಹಾಕಿ ನೋಡೋಣ. 52 ವರ್ಷದವರೊಬ್ಬರು, ಸ್ಕ್ಯಾನಿನಲ್ಲಿ ಗ್ರೇಡ್ 1. ಎಸ್‌ಜಿಒಟಿ 48, ಎಸ್‌ಜಿಪಿಟಿ 62, ಪ್ಲೇಟ್‌ಲೆಟ್ 1.9 ಲಕ್ಷ. 52ನ್ನು 48ರಿಂದ ಗುಣಿಸಿದರೆ 2496. 62ರ ವರ್ಗಮೂಲ ಸುಮಾರು 7.87, ಅದನ್ನು 190ರಿಂದ ಗುಣಿಸಿದರೆ ಸುಮಾರು 1496. ಭಾಗಿಸಿದರೆ 1.67. ಇನ್ನೊಬ್ಬರಿಗೆ 38 ವರ್ಷ, ಗ್ರೇಡ್ 2. ಎಸ್‌ಜಿಒಟಿ 34, ಎಸ್‌ಜಿಪಿಟಿ 58, ಪ್ಲೇಟ್‌ಲೆಟ್ 2.6 ಲಕ್ಷ. ಇವರ ಉತ್ತರ 0.65.

1.3ಕ್ಕಿಂತ ಕಡಿಮೆ ಇದ್ದರೆ ನಾರು ಜಾಸ್ತಿ ಇರೋ ಸಾಧ್ಯತೆ ಕಡಿಮೆ. 2.67 ದಾಟಿದರೆ ಲಿವರ್ ತಜ್ಞರನ್ನೇ ನೋಡಬೇಕು. ನಡುವೆ ಬಂದರೆ ಇನ್ನೊಂದು ಪರೀಕ್ಷೆ ಬೇಕು. ಗ್ರೇಡ್ 2 ಇರೋ 38ರ ಆಸಾಮಿ ಸದ್ಯಕ್ಕೆ ನಿರಾಳ. ಗ್ರೇಡ್ 1 ಅಂತ ಖುಷಿಯಾಗಿ ಮನೆಗೆ ಹೋದ 52ರವರು ಮುಂದಿನ ಟೆಸ್ಟಿಗೆ ಹೋಗಲೇಬೇಕು. ಸ್ಕ್ಯಾನ್ ರಿಪೋರ್ಟ್ ಮಾತ್ರ ನೋಡಿದ್ದರೆ ಇಬ್ಬರಿಗೂ ಉಲ್ಟಾ ಹೇಳುತ್ತಿದ್ದೆವು, ಅಲ್ವಾ?

ಇದಕ್ಕೂ ಮಿತಿ ಇದೆ. 35ಕ್ಕಿಂತ ಚಿಕ್ಕವರಲ್ಲಿ ಇದನ್ನು ನಂಬೋಕಾಗಲ್ಲ. ಲೆಕ್ಕದಲ್ಲಿ ವಯಸ್ಸೇ ಸೇರಿಕೊಂಡಿರೋದರಿಂದ 65 ದಾಟಿದವರಲ್ಲಿ ಸುಮ್ನೆ ಜಾಸ್ತಿ ತೋರಿಸುತ್ತದೆ, ಅವರಿಗೆ 1.3ರ ಬದಲು 2.0 ಗೆರೆ. ನಮ್ಮ ಕಡೆಯವರು ನೆನಪಿಡಬೇಕಾದದ್ದು ಡೆಂಗಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಎಸ್‌ಜಿಒಟಿ ಏರುತ್ತದೆ. ಆ ರಿಪೋರ್ಟ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಗಾಬರಿಯಾಗೋ ಸಂಖ್ಯೆ ಬರುತ್ತದೆ, ಅದಕ್ಕೆ ಅರ್ಥ ಇಲ್ಲ. ಜ್ವರ ಪೂರ್ತಿ ವಾಸಿಯಾಗಿ ರಕ್ತ ಮಾಮೂಲಿಗೆ ಬಂದ ಮೇಲಿನ ರಿಪೋರ್ಟನ್ನೇ ತೆಗೆದುಕೊಳ್ಳಿ. ಜಿಮ್ಮಿನಲ್ಲಿ ಜೋರಾಗಿ ಭಾರ ಎತ್ತಿದ ಮರುದಿನ ರಕ್ತ ಕೊಟ್ಟರೂ ಎಸ್‌ಜಿಒಟಿ ಏರಿರುತ್ತದೆ, ಅದು ಸ್ನಾಯುವಿನಿಂದಲೂ ಬರುತ್ತದೆ.

ಹೆಲ್ತ್ ಪ್ಯಾಕೇಜ್ ಕೊಳ್ಳೋವಾಗ ಎಸ್‌ಜಿಒಟಿ ಮತ್ತು ಪ್ಲೇಟ್‌ಲೆಟ್ ಎರಡೂ ಪಟ್ಟಿಯಲ್ಲಿ ಇವೆಯಾ ಅಂತ ನೋಡಿ. ಎಸ್‌ಜಿಪಿಟಿ ಒಂದೇ ಇರೋ ಪ್ಯಾಕೇಜಿನಿಂದ ಈ ಲೆಕ್ಕ ಆಗಲ್ಲ. ಹಾಗೇ ಇನ್ನೊಂದು ಮಾತು: ಹಳೇ ತೆರಿಗೆ ಪದ್ಧತಿಯಲ್ಲೇ ಇರೋರಿಗೆ ಮುಂಜಾಗ್ರತಾ ತಪಾಸಣೆಯ ಖರ್ಚಿನಲ್ಲಿ 5,000 ರೂಪಾಯಿವರೆಗೆ ಆರೋಗ್ಯ ವಿಮೆಗೆ ಸಿಗೋ ತೆರಿಗೆ ಕಡಿತದ ಮಿತಿಯೊಳಗೆ ತೋರಿಸಬಹುದು.

ಫೈಬ್ರೋಸ್ಕ್ಯಾನ್: ನಾರನ್ನು ಅಳೆಯೋ ಮೆಷಿನ್ನು

ಹಣ್ಣು ಮಾಗಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡುತ್ತೇವಲ್ಲ, ಹೆಚ್ಚು ಕಡಿಮೆ ಅದೇ ಕೆಲಸ. ಬೆನ್ನ ಮೇಲೆ ಮಲಗಿಸಿ, ಬಲಗೈಯನ್ನು ತಲೆಯ ಕೆಳಗೆ ಇಡಿಸುತ್ತಾರೆ. ಪಕ್ಕೆಲುಬಿನ ನಡುವೆ ಜೆಲ್ ಹಚ್ಚಿ ಒಂದು ಪ್ರೋಬ್ ಇಡುತ್ತಾರೆ. ಬೆರಳಿನಿಂದ ತಟ್ಟಿದ ಹಾಗೆ ಟಕ್ ಟಕ್ ಅನ್ನುತ್ತದೆ. ಕನಿಷ್ಠ ಹತ್ತು ಸರಿಯಾದ ಅಳತೆ ಬೇಕು. ಹತ್ತು ನಿಮಿಷದ ಕೆಲಸ, ನೋವಿಲ್ಲ.

ಎರಡು ಸಂಖ್ಯೆ ಬರುತ್ತವೆ. ಒಂದು ಕಿಲೋಪ್ಯಾಸ್ಕಲ್‌ನಲ್ಲಿ, ಅದು ಲಿವರ್ ಎಷ್ಟು ಗಟ್ಟಿ ಅಂತ ಹೇಳುತ್ತದೆ. 8ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ನಾರು ಇಲ್ಲ ಅಂತ ಬಹುಮಟ್ಟಿಗೆ ಹೇಳಬಹುದು. 12 ದಾಟಿದರೆ ಎಚ್ಚರ. ಇನ್ನೊಂದು ಕ್ಯಾಪ್ ಅನ್ನೋ ಸಂಖ್ಯೆ, 100ರಿಂದ 400ರವರೆಗೆ, ಅದು ಕೊಬ್ಬಿಗೆ. ಅಂದರೆ ಒಂದೇ ಸಲಕ್ಕೆ ಕೊಬ್ಬು, ನಾರು ಎರಡರ ಅಂದಾಜೂ ಸಿಗುತ್ತದೆ. ಬೆಲೆ ಕೆಲವು ಸಾವಿರ. ಎಲ್ಲ ಕಡೆ ಇಲ್ಲ, ಹೆಚ್ಚಾಗಿ ದೊಡ್ಡ ಊರುಗಳ ಗ್ಯಾಸ್ಟ್ರೋ ಆಸ್ಪತ್ರೆಗಳಲ್ಲಿ.

ಅಲ್ಲಲ್ಲಿ ಉಚಿತ ಲಿವರ್ ಕ್ಯಾಂಪ್ ನಡೆಯುತ್ತವೆ. ಹೋಗಬಹುದು. ಆದರೆ ಬೆಳಿಗ್ಗೆ ಮಸಾಲೆ ದೋಸೆ ತಿಂದು ನೇರ ಕ್ಯಾಂಪಿಗೆ ಹೋದರೆ ಸಂಖ್ಯೆ ಏರಿ ಬರುತ್ತದೆ. ಕನಿಷ್ಠ ಮೂರು ಗಂಟೆ ಏನೂ ತಿಂದಿರಬಾರದು. ಕಾಮಾಲೆ ಇರುವಾಗ, ಎಸ್‌ಜಿಪಿಟಿ ತುಂಬಾ ಏರಿರುವಾಗ, ಹೃದಯದ ತೊಂದರೆಯಿಂದ ಮೈಯಲ್ಲಿ ನೀರು ನಿಂತಿರುವಾಗಲೂ ಇದು ಸುಳ್ಳು ಹೇಳುತ್ತದೆ. ದಪ್ಪ ಇರೋರಿಗೆ ಎಕ್ಸ್‌ಎಲ್ ಪ್ರೋಬ್ ಬೇಕು, ಅದು ಇದೆಯಾ ಅಂತ ಫೋನಿನಲ್ಲೇ ಕೇಳಿ. ರಿಪೋರ್ಟಿನಲ್ಲಿ ಐಕ್ಯುಆರ್ ಅಂತ ಒಂದು ಶೇಕಡಾ ಇರುತ್ತದೆ. ಅದು 30ರ ಒಳಗಿದ್ದರೆ ಅಳತೆಗಳು ಒಂದಕ್ಕೊಂದು ಹೊಂದುತ್ತವೆ ಅಂತ ಅರ್ಥ. ಜಾಸ್ತಿ ಇದ್ದರೆ ಇನ್ನೊಮ್ಮೆ ಮಾಡಿಸಿ.

ಎಂಆರ್‌ಐನಲ್ಲಿ ಕೊಬ್ಬಿನ ಪ್ರಮಾಣವನ್ನು ಎಲ್ಲಕ್ಕಿಂತ ನಿಖರವಾಗಿ ಅಳೆಯಬಹುದು. ದುಬಾರಿ. ಮಾಮೂಲಿ ಚೆಕಪ್ಪಿಗೆ ಬೇಡವೇ ಬೇಡ. ಬಯಾಪ್ಸಿ ಸೂಜಿ ಹಾಕಿ ಚೂರು ತೆಗೆಯೋದು. ಮೂರನ್ನೂ ತೋರಿಸೋದು ಅದೊಂದೇ, ಆದರೆ ಸಿಗೋದು ಲಿವರಿನ ಸುಮಾರು ಐವತ್ತು ಸಾವಿರದಲ್ಲಿ ಒಂದು ಪಾಲು, ರಕ್ತಸ್ರಾವದ ಅಪಾಯವೂ ಇದೆ. ಬೇರೆ ಟೆಸ್ಟುಗಳು ಒಂದಕ್ಕೊಂದು ಹೊಂದದಿದ್ದಾಗ, ಕಾರಣವೇ ಗೊತ್ತಾಗದಿದ್ದಾಗ ತಜ್ಞರು ಹೇಳಿದರೆ ಮಾತ್ರ.

ನಿಮಗೆ ಯಾವುದು

ಶುಗರ್ ಇದೆ, 40 ದಾಟಿದೆ ಅನ್ನೋರು ಸ್ಕ್ಯಾನಿಂಗಿಗೆ ಕಾಯಬೇಕಿಲ್ಲ. ಮುಂದಿನ ಸಲ ಎಚ್‌ಬಿಎ1ಸಿಗೆ (ಮೂರು ತಿಂಗಳ ಸರಾಸರಿ ಶುಗರ್) ರಕ್ತ ಕೊಡುವಾಗ ಎಲ್‌ಎಫ್‌ಟಿ, ಸಿಬಿಸಿ (ಪ್ಲೇಟ್‌ಲೆಟ್ ಸೇರಿ ರಕ್ತಕಣಗಳ ಎಣಿಕೆ) ಸೇರಿಸಿಬಿಡಿ. ಫಿಬ್-4 ಲೆಕ್ಕ ಹಾಕಿ. 1.3ರ ಕೆಳಗಿದ್ದರೆ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ನೋಡಿ. ಮೇಲಿದ್ದರೆ ಉಳಿಸಿದ ದುಡ್ಡನ್ನು ಫೈಬ್ರೋಸ್ಕ್ಯಾನಿಗೆ ಹಾಕಿ. ಕೈಯಲ್ಲಿ ದುಡ್ಡು ಕಡಿಮೆ ಇರೋರಿಗೂ ನಾನು ಹೇಳೋದು ಇದನ್ನೇ. ಸ್ಕ್ಯಾನ್ ಬಿಡಿ, ಲೆಕ್ಕ ಬಿಡಬೇಡಿ.

30ರ ಆಸುಪಾಸಿನವರು, ಕೂತು ಕೆಲಸ, ಹೊಟ್ಟೆ ಬಂದಿದೆ. ಇವರಿಗೆ ಫಿಬ್-4 ಸರಿಹೊಂದಲ್ಲ. ಮೊದಲು ಟೇಪು ತೆಗೆದುಕೊಳ್ಳಿ. ಸೊಂಟ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದೆಯಾ? ಜೊತೆಗೆ ಟ್ರೈಗ್ಲಿಸರೈಡ್ 150 ದಾಟಿದೆಯಾ, ಫಾಸ್ಟಿಂಗ್ ಶುಗರ್ 100 ಮುಟ್ಟಿದೆಯಾ? ಹೌದಾದರೆ ಒಂದು ಸ್ಕ್ಯಾನಿಂಗ್ ಮಾಡಿಸೋದು ತಪ್ಪಲ್ಲ. ಕೆಲವರಿಗೆ ಚಿತ್ರ ಕಣ್ಣಾರೆ ನೋಡಿದರೇ ವಾಕಿಂಗ್ ಶುರುವಾಗೋದು. ಎಸ್‌ಜಿಪಿಟಿ ಎರಡು ಸಲವೂ ಏರಿಯೇ ಇದ್ದರೆ ಫೈಬ್ರೋಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಿ.

ತೆಳ್ಳಗಿದ್ದೇನೆ, ನನಗ್ಯಾಕೆ ಅನ್ನೋರಿಗೆ: ನಮ್ಮವರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23ರಿಂದಲೇ ತೂಕ ಜಾಸ್ತಿ ಅಂತ ಲೆಕ್ಕ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಇರೋ ಮೈಕಟ್ಟಿನಲ್ಲಿ ಇದು ಧಾರಾಳವಾಗಿ ಸಿಗುತ್ತದೆ. ತಕ್ಕಡಿ ಬಿಟ್ಟು ಟೇಪನ್ನು ನಂಬಿ.

ಕುಡಿಯೋರು ಸುಳ್ಳು ಹೇಳಬೇಡಿ, ಅಷ್ಟೇ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ದಿನಾ ಒಂದು ನೈಂಟಿ ಅಂದರೆ ವಾರಕ್ಕೆ 210 ಗ್ರಾಂ. ಗಂಡಸರಲ್ಲಿ ಇದನ್ನು ದಾಟಿದರೆ ಡಾಕ್ಟರ್ ಲಿವರಿನ ತೊಂದರೆಯನ್ನು ಬರೀ ತೂಕ, ಶುಗರ್ ಲೆಕ್ಕಕ್ಕೆ ಹಾಕಲ್ಲ. ಹೆಂಗಸರಿಗೆ ಆ ಗೆರೆ 140 ಗ್ರಾಂ. ಎಸ್‌ಜಿಒಟಿ ಎಸ್‌ಜಿಪಿಟಿಗಿಂತ ಎರಡು ಪಟ್ಟು ಇದ್ದರೆ ನೀವು ಹೇಳದಿದ್ದರೂ ಅವರಿಗೆ ಅನುಮಾನ ಬರುತ್ತದೆ.

ಹಳ್ಳಿ ಕಡೆ ಇರೋರು, ಅಪ್ಪ ಅಮ್ಮ ಊರಲ್ಲಿರೋರು: ಕೇಂದ್ರ ಸರ್ಕಾರ 2021ರಲ್ಲೇ ಫ್ಯಾಟಿ ಲಿವರನ್ನು ಬಿಪಿ, ಶುಗರ್, ಕ್ಯಾನ್ಸರ್ ನೋಡುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಆಶಾ ಕಾರ್ಯಕರ್ತೆ 30 ದಾಟಿದವರಿಗೆ ತುಂಬಿಸೋ ಫಾರಂನಲ್ಲಿ ಸೊಂಟದ ಸುತ್ತಳತೆ, ಕುಡಿತ, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ ಅನ್ನೋ ಪ್ರಶ್ನೆಗಳಿವೆ. ಅಂಕ ನಾಲ್ಕು ದಾಟಿದರೆ ತಪಾಸಣೆಗೆ ಹೋಗಿ ಅಂತಾರೆ. ಅಮ್ಮನಿಗೆ ಫೋನ್ ಮಾಡಿದಾಗ "ಆಶಾ ಅಕ್ಕ ಬಂದಿದ್ದರಾ, ಟೇಪು ಹಿಡಿದರಾ" ಅಂತ ಕೇಳಿ. ಪ್ಲೇಟ್‌ಲೆಟ್, ಎಸ್‌ಜಿಒಟಿ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಆದರೆ ಸಾಕು, ಲೆಕ್ಕ ನೀವೇ ಹಾಕಬಹುದು.

ಶುಗರ್ ಇಲ್ಲ, ಬಿಪಿ ಇಲ್ಲ, ಸೊಂಟ ಸರಿ ಇದೆ, ಕುಡಿಯಲ್ಲ ಅನ್ನೋರು? ಏನೂ ಮಾಡಿಸಬೇಡಿ. ಪ್ಯಾಕೇಜಿನವರು ಬೇಜಾರು ಮಾಡಿಕೊಳ್ಳಲಿ ಬಿಡಿ.

ಇನ್ನು, ಎರಡು ಟೆಸ್ಟ್ ಬೇರೆ ಬೇರೆ ಮಾತು ಹೇಳಿದರೆ? ಇದು ಆಗಾಗ ಆಗುತ್ತದೆ. ಫಿಬ್-4 1.6, ಫೈಬ್ರೋಸ್ಕ್ಯಾನ್ 6 ಬಂದರೆ ಸಾಮಾನ್ಯವಾಗಿ ಫೈಬ್ರೋಸ್ಕ್ಯಾನಿನ ಮಾತಿಗೆ ತೂಕ ಜಾಸ್ತಿ. ತೂಕ ಇಳಿಸೋ ಕೆಲಸ ಮುಂದುವರಿಸಿ, ಒಂದೆರಡು ವರ್ಷಕ್ಕೆ ಮತ್ತೆ ನೋಡಿ. 80 ಕೆಜಿ ಇರೋರು 4 ಕೆಜಿ ಇಳಿಸಿದರೆ ಕೊಬ್ಬು ಕರಗೋಕೆ ಶುರು, 6ರಿಂದ 8 ಕೆಜಿ ಇಳಿದರೆ ಉರಿಯೂತವೂ ತಗ್ಗುತ್ತದೆ. ಎರಡೂ ಜಾಸ್ತಿ ಬಂದರೆ ಮೂರನೇ ಟೆಸ್ಟ್ ಹುಡುಕೋದು ಬಿಟ್ಟು ಲಿವರ್ ತಜ್ಞರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.

ಹೋಗುವಾಗ ಹಳೇ ರಿಪೋರ್ಟುಗಳನ್ನೂ ಹಿಡಿದುಕೊಂಡು ಹೋಗಿ, ಐದು ವರ್ಷ ಹಿಂದಿನದಾದರೂ ಸರಿ. ಪ್ಲೇಟ್‌ಲೆಟ್ ಒಂದು ವರ್ಷ 2.8 ಲಕ್ಷ, ಆಮೇಲೆ 2.2, ಈಗ 1.7. ಮೂರೂ ಲ್ಯಾಬಿನ ಪ್ರಕಾರ ನಾರ್ಮಲ್, ಯಾವುದಕ್ಕೂ ಕೆಂಪು ಗುರುತಿಲ್ಲ. ಆದರೆ ಹೀಗೆ ಇಳಿಯುತ್ತಾ ಹೋಗೋದು ನಾರು ಹೆಚ್ಚುತ್ತಿರೋದರ ಸುಳಿವಾಗಿರಬಹುದು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಡಾಕ್ಟರ್ ಮಾತ್ರ ಹೊಟ್ಟೆ ಒತ್ತಿ ನೋಡೋಕೆ ಮಂಚದ ಕಡೆ ಕೈ ತೋರಿಸುತ್ತಾರೆ.